ಡಬ್ಬಿ ನಮ್ಮದು, ಒಳಗಿನದು ಯಾರದು?



ಇವತ್ತಿನ ದೊಡ್ಡ ಸುದ್ದಿಗಳು ಒಂಬತ್ತು ಗಂಟೆಗೆ ಹೇಗೂ ಬರ್ತವೆ. ಅದಕ್ಕೆ ಮೊದಲು ನಿಮ್ಮನ್ನ ನಮ್ಮೂರಿಗೆ ಕರ್ಕೊಂಡು ಹೋಗ್ತೀನಿ. ಊರು ಜಡೆ. ಶಿವಮೊಗ್ಗ ಜಿಲ್ಲೆ, ಸೊರಬ ತಾಲೂಕು. ಶಿಕಾರಿಪುರ ದಾಟಿ, ಶಿರಾಳಕೊಪ್ಪ ದಾಟಿ, ಆನವಟ್ಟಿ ಕಡೆಯಿಂದ ಬಂದರೆ ಸಿಗುತ್ತೆ. ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಭತ್ತ, ಜೋಳ, ಅಡಿಕೆ, ಶುಂಠಿ. ಮಳೆಗಾಲದಲ್ಲಿ ನೀರು ಜಾಸ್ತಿ, ಏಪ್ರಿಲ್ ಬಂತು ಅಂದ್ರೆ ಎಲ್ಲರ ಕಣ್ಣೂ ಬೋರ್‌ವೆಲ್ ಮೇಲೆ.

ಕಳೆದ ಬೇಸಿಗೆಯಲ್ಲಿ ಒಂದು ವಾರ ರಜೆ ಹಾಕಿ ಊರಿಗೆ ಹೋಗಿದ್ದೆ. ಹೋದ ಮಾರನೇ ದಿನವೇ ನಮ್ಮ ಬೋರಿನ ಮೋಟರ್ ಸುಟ್ಟಿತು. ಅಪ್ಪ ಗಾಬರಿ ಆಗಲಿಲ್ಲ. ನಾಲ್ಕು ಜನರನ್ನ ಕರೆದು ಮೋಟರ್ ಮೇಲೆತ್ತಿಸಿದರು, ಗಾಡಿಗೆ ಹಾಕಿ ಆನವಟ್ಟಿಯ ವೈಂಡಿಂಗ್ ಅಂಗಡಿಗೆ ಒಯ್ದರು. ಅಂಗಡಿಯವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಶಾಲೆಗೆ ಹೋಗಿದ್ದು ನಾಲ್ಕೇ ವರ್ಷವಂತೆ. ಸುಟ್ಟ ತಂತಿ ಬಿಚ್ಚಿದರು, ಸುತ್ತು ಎಣಿಸಿದರು, ತಂತಿಯ ಗೇಜ್ ನೋಡಿದರು, ಹೊಸದು ಸುತ್ತಿದರು. ಮೂರನೇ ದಿನ ಸಂಜೆ ತೋಟಕ್ಕೆ ನೀರು ಬಿತ್ತು.

ಅದೇ ವಾರ ನಮ್ಮ ಚಿಕ್ಕಪ್ಪನ ಸೋಲಾರ್ ಪಂಪ್ ನಿಂತಿತು. ಸಬ್ಸಿಡಿಗೆ ಕಾಯದೆ ಕೈಯಿಂದ ದುಡ್ಡು ಹಾಕಿ ತಂದಿದ್ದು. ಪ್ಯಾನಲ್ ಸರಿ ಇದೆ, ಮೋಟರ್ ಸರಿ ಇದೆ, ನಡುವೆ ಕೂತಿರೋ ಕಂಟ್ರೋಲರ್ ಡಬ್ಬಿ ಮಾತ್ರ ಸತ್ತಿದೆ. ಮುಚ್ಚಳದ ಮೇಲೆ ತ್ರಿವರ್ಣದ ಪಟ್ಟಿ, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ‘ಭಾರತದಲ್ಲಿ ತಯಾರಿಸಿದ್ದು’. ಚಿಕ್ಕಪ್ಪ ನನ್ನ ಕಡೆ ನೋಡಿದರು. ಮನೇಲಿ ಇಂಜಿನಿಯರಿಂಗ್ ಓದಿದವನು ನಾನೊಬ್ಬನೇ, ಅದರಲ್ಲೂ ಎಲೆಕ್ಟ್ರಿಕಲ್. ಸ್ಕ್ರೂಡ್ರೈವರ್ ತಗೊಂಡು ಮುಚ್ಚಳ ತೆಗೆದೆ.

ಒಳಗೆ ಏನಿತ್ತು ಗೊತ್ತಾ? ಬೋರ್ಡಿನ ಮೇಲೆಲ್ಲ ಕಪ್ಪು ಅಂಟು ಸುರಿದು ಗಟ್ಟಿ ಮಾಡಿಬಿಟ್ಟಿದ್ದಾರೆ. ಅಂಟಿಲ್ಲದ ಕಡೆ ಕಂಡ ಎರಡು ಚಿಪ್ಪುಗಳ ಮೇಲಿನ ನಂಬರ್ ಉಜ್ಜಿ ಅಳಿಸಿದ್ದಾರೆ. ಪಕ್ಕದಲ್ಲಿ ಒಂದು ಸಿಮ್ ಕಾರ್ಡ್ ಕೂತಿದೆ. ಅಂದ್ರೆ ಡಬ್ಬಿ ಯಾರ ಜೊತೆಗೋ ಮಾತಾಡ್ತಿದೆ. ಯಾರ ಜೊತೆ ಅನ್ನೋದು ಚಿಕ್ಕಪ್ಪನಿಗೂ ಗೊತ್ತಿಲ್ಲ, ಮಾರಿದ ಅಂಗಡಿಯವನಿಗೂ ಗೊತ್ತಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದ್ರೆ, ‘ಸರ್, ಅದು ರಿಪೇರಿ ಆಗಲ್ಲ, ಬೋರ್ಡೇ ಬದಲಾಯಿಸಬೇಕು, ಬೋರ್ಡ್ ಹೊರಗಿಂದ ಬರಬೇಕು’ ಅಂದ.

‘ಎಷ್ಟು ವರ್ಷ ಓದಿದ್ಯೋ ತಮ್ಮಾ, ಒಂದು ಡಬ್ಬಿ ತೆಗೆದು ಸರಿ ಮಾಡಕ್ಕೆ ಬರಲ್ವಲ್ಲ’ ಅಂದರು ಚಿಕ್ಕಪ್ಪ. ನಗುತ್ತಲೇ ಅಂದರು. ಬೋರ್ಡ್ ಬರೋಕೆ 41 ದಿನ ಆಯ್ತು. ಅಪ್ಪ ನಮ್ಮ ಬೋರಿನಿಂದ ಪೈಪ್ ಎಳೆದು ಆದಷ್ಟು ನೀರು ಕೊಟ್ಟರು. ಆದ್ರೂ ನಾಲ್ಕು ವರ್ಷದ ಅಡಿಕೆ ಸಸಿಗಳಲ್ಲಿ ಎರಡು ಸಾಲು ಒಣಗಿದವು. ಈಗ ಚಿಕ್ಕಪ್ಪ ನಗ್ತಿಲ್ಲ.

ಇದು ಒಬ್ಬ ರೈತನ ಖಾಸಗಿ ಪಂಪಿನ ಕಥೆ. ಇದನ್ನ ಯಾಕೆ ಹೇಳ್ತಿದೀನಿ? ಯಾಕಂದ್ರೆ ಇಂಥದೇ ಡಬ್ಬಿಗಳು ಇವತ್ತು ನಿಮ್ಮೂರಿನ ವಿದ್ಯುತ್ ಸಬ್‌ಸ್ಟೇಷನ್‌ನಲ್ಲಿ ಇವೆ. ಮೊಬೈಲ್ ಟವರ್‌ನಲ್ಲಿ ಇವೆ. ಕುಡಿಯುವ ನೀರಿನ ಪಂಪ್‌ಹೌಸ್‌ನಲ್ಲಿ ಇವೆ. ರೈಲ್ವೆ ಸಿಗ್ನಲ್‌ನಲ್ಲಿ ಇವೆ. ಚಿಕ್ಕಪ್ಪನ ಡಬ್ಬಿ ನಿಂತರೆ ಎರಡು ಸಾಲು ಸಸಿ ಒಣಗುತ್ತೆ. ಸಬ್‌ಸ್ಟೇಷನ್ ಡಬ್ಬಿ ನಿಂತರೆ ಒಂದು ತಾಲೂಕು ಕತ್ತಲಲ್ಲಿ ಕೂರುತ್ತೆ. ಇದನ್ನೇ ಸರ್ಕಾರದ ಭಾಷೆಯಲ್ಲಿ ‘ನಿರ್ಣಾಯಕ ಮೂಲಸೌಕರ್ಯ’ ಅಂತಾರೆ. ಸರಳವಾಗಿ ಹೇಳಬೇಕಂದ್ರೆ, ಅದು ನಿಂತರೆ ನಾಡೇ ನಿಲ್ಲುವಂಥದ್ದು.

ಅಂಥ ಸಾಮಾನನ್ನ ನಮ್ಮ ದೇಶದಲ್ಲೇ ಮಾಡಬೇಕು ಅಂತ ನಿಯಮ ಇಲ್ವಾ? ಇದೆ. ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

2017ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ಸರ್ಕಾರಿ ಖರೀದಿಯಲ್ಲಿ ದೇಶೀಯ ತಯಾರಿಕೆಗೆ ಆದ್ಯತೆ ಕೊಡಬೇಕು ಅಂತ. 2020ರಲ್ಲಿ ಅದನ್ನ ಬಿಗಿ ಮಾಡಿದರು. ಸಾಮಾನಿನ ಮೌಲ್ಯದಲ್ಲಿ ಶೇಕಡ 50 ಅಥವಾ ಅದಕ್ಕಿಂತ ಹೆಚ್ಚು ದೇಶೀಯವಾಗಿದ್ದರೆ ಒಂದನೇ ದರ್ಜೆ ಪೂರೈಕೆದಾರ. 20ರಿಂದ 50ರ ಒಳಗಿದ್ದರೆ ಎರಡನೇ ದರ್ಜೆ. 20ಕ್ಕಿಂತ ಕಡಿಮೆ ಇದ್ದರೆ ದೇಶೀಯನೇ ಅಲ್ಲ. ಒಂದನೇ ದರ್ಜೆಯವನ ಬೆಲೆ ಶೇಕಡ 20ರಷ್ಟು ಜಾಸ್ತಿ ಇದ್ದರೂ, ಕಡಿಮೆ ಬೆಲೆ ಹಾಕಿದವನ ದರಕ್ಕೆ ಇಳಿಯೋಕೆ ಅವನಿಗೆ ಅವಕಾಶ ಕೊಡಬೇಕು. ಅದೇ ವರ್ಷ, 200 ಕೋಟಿ ರೂಪಾಯಿವರೆಗಿನ ಖರೀದಿಗೆ ಜಾಗತಿಕ ಟೆಂಡರ್ ಕರೆಯೋ ಹಾಗಿಲ್ಲ ಅಂತಲೂ ನಿಯಮ ಬಂತು.

2020ರ ಜೂನ್ 15 ನಿಮಗೆ ನೆನಪಿರಬೇಕು. ಗಲ್ವಾನ್ ಕಣಿವೆ. ನಮ್ಮ 20 ಯೋಧರು ವೀರಮರಣ ಹೊಂದಿದರು. ಎರಡು ವಾರ ಕಳೆದ ಮೇಲೆ, ಜುಲೈ 2ರಂದು, ವಿದ್ಯುತ್ ಸಚಿವಾಲಯ ಆದೇಶ ಮಾಡಿತು: ವಿದ್ಯುತ್ ಜಾಲಕ್ಕೆ ಹೊರಗಿಂದ ತರುವ ಪ್ರತಿ ಉಪಕರಣ, ಪ್ರತಿ ಬಿಡಿಭಾಗದಲ್ಲಿ ಕಳ್ಳ ತಂತ್ರಾಂಶ ಅಡಗಿದೆಯಾ ಅಂತ ಇಲ್ಲಿ ಪರೀಕ್ಷೆ ಆಗಬೇಕು. ಜುಲೈ 23ಕ್ಕೆ ಇನ್ನೊಂದು ನಿಯಮ: ನಮ್ಮ ಜೊತೆ ಭೂಗಡಿ ಹಂಚಿಕೊಂಡ ದೇಶಗಳ ಕಂಪನಿಗಳು ಮೊದಲೇ ನೋಂದಣಿ ಮಾಡಿಸದೆ ಸರ್ಕಾರಿ ಟೆಂಡರ್ ಹಾಕೋ ಹಾಗಿಲ್ಲ. ಟೆಲಿಕಾಂಗೆ 2021ರ ಜೂನ್‌ನಿಂದ ‘ವಿಶ್ವಾಸಾರ್ಹ ಮೂಲ’ದಿಂದಲೇ ಉಪಕರಣ ತರಬೇಕು ಅನ್ನೋ ನಿರ್ದೇಶನ ಜಾರಿಗೆ ಬಂತು. ಆ ಅಧಿಕಾರ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅಧಿಕೃತವಾಗಿ ಸೇರಿತು.

ಕೇಳೋಕೆ ಚೆನ್ನಾಗಿದೆ ಅಲ್ವಾ? ನನಗೂ ಚೆನ್ನಾಗೇ ಕಾಣ್ತು. ಆದ್ರೆ ಒಂದು ಪ್ರಶ್ನೆ ಬಿಡ್ತಿಲ್ಲ. ಶೇಕಡ 50 ಅಂದ್ರೆ ಯಾವ 50?

ಇದನ್ನ ಅರ್ಥ ಮಾಡ್ಕೋಬೇಕಂದ್ರೆ ನಿಮ್ಮೂರಿನ ಟೀಸಿ ಹತ್ತಿರ ಬನ್ನಿ. ಟೀಸಿ ಅಂದ್ರೆ ಟ್ರಾನ್ಸ್‌ಫಾರ್ಮರ್, ಎರಡು ಕಂಬದ ನಡುವೆ ಕೂತಿರುತ್ತಲ್ಲ, ಅದು. ಹೊರಗಿನ ತೊಟ್ಟಿ ನಮ್ಮ ದೇಶದ್ದು. ಒಳಗಿನ ಎಣ್ಣೆ ಇಲ್ಲೇ ಸಿಗುತ್ತೆ. ತಾಮ್ರ ಅಥವಾ ಅಲ್ಯೂಮಿನಿಯಂ ಸುರುಳಿ ಇಲ್ಲೇ ಸುತ್ತುತ್ತಾರೆ. ಮೇಲಿನ ಪಿಂಗಾಣಿ ಇಲ್ಲೇ ಸುಡುತ್ತಾರೆ. ಆದ್ರೆ ಆ ಸುರುಳಿಯ ನಡುವೆ ಒಂದು ಹೃದಯ ಇದೆ. ಕಾಲು ಮಿಲಿಮೀಟರ್ ಆಸುಪಾಸಿನ ತೆಳು ಉಕ್ಕಿನ ತಗಡುಗಳನ್ನ ಒಂದರ ಮೇಲೊಂದು ಜೋಡಿಸಿರ್ತಾರೆ. ಅದು ಸಾಮಾನ್ಯ ತಗಡಲ್ಲ. ಸುಮಾರು ಶೇಕಡ 3 ಸಿಲಿಕಾನ್ ಸೇರಿಸಿ, ಉಕ್ಕಿನ ಕಣಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡೋ ಹಾಗೆ ಉರುಳಿಸಿ, ಕಾಯಿಸಿ ಮಾಡಿದ್ದು. ಸಿಆರ್‌ಜಿಒ ಉಕ್ಕು ಅಂತಾರೆ. ಅಮೆರಿಕದ ನಾರ್ಮನ್ ಗಾಸ್ ಇದರ ಪೇಟೆಂಟ್ ಪಡೆದಿದ್ದು 1934ರಲ್ಲಿ. ತೊಂಬತ್ತು ವರ್ಷ ಆಯ್ತು. ಇವತ್ತಿಗೂ ನಮ್ಮ ಅಗತ್ಯದ ಹೆಚ್ಚಿನ ಪಾಲು ಹೊರಗಿಂದಲೇ ಬರ್ತಿದೆ.

ಈಗ ಲೆಕ್ಕ ಹಾಕಿ. ಉದಾಹರಣೆಗೆ ಅಂತ ಇಟ್ಕೊಳ್ಳಿ, ಒಂದು ಟೀಸಿಗೆ ಒಂದು ಲಕ್ಷ ರೂಪಾಯಿ. ಅದರಲ್ಲಿ ಹೊರಗಿನ ಉಕ್ಕಿನದು 30 ಸಾವಿರ. ಉಳಿದ 70 ಸಾವಿರ ನಮ್ಮದೇ. ಶೇಕಡ 70 ದೇಶೀಯ! ಒಂದನೇ ದರ್ಜೆ! ಸರ್ಟಿಫಿಕೇಟ್ ಸಿಕ್ತು, ಚಪ್ಪಾಳೆ ತಟ್ಟಿದರು. ಆದ್ರೆ ಆ ಉಕ್ಕಿನ ಹಡಗು ಆರು ತಿಂಗಳು ಬರಲಿಲ್ಲ ಅಂದ್ರೆ? 70 ಸಾವಿರದ ತೊಟ್ಟಿ, ಎಣ್ಣೆ, ತಂತಿ ಇಟ್ಕೊಂಡು ಏನ್ ಮಾಡ್ತೀರಿ? ಉಪ್ಪಿನಕಾಯಿ ಹಾಕ್ತೀರಾ? ರೂಪಾಯಿ ಲೆಕ್ಕದಲ್ಲಿ ಪಾಸ್, ಕೆಲಸದ ಲೆಕ್ಕದಲ್ಲಿ ಫೇಲ್.

ಡಬ್ಬಿಗಳ ವಿಷಯದಲ್ಲಿ ಇದು ಇನ್ನೂ ಕಷ್ಟ. ಪೆಟ್ಟಿಗೆ, ತಂತಿ, ಜೋಡಣೆ, ಲಾಭ, ಕೂಲಿ ಎಲ್ಲ ಸೇರಿಸಿದ್ರೆ 50 ದಾಟಬಹುದು. ಬುದ್ಧಿ ಇರೋದು ನಾಣ್ಯದಷ್ಟು ದೊಡ್ಡ ಚಿಪ್ಪಿನಲ್ಲಿ ಮತ್ತು ಅದರೊಳಗಿನ ತಂತ್ರಾಂಶದಲ್ಲಿ. ಅದರ ಬೆಲೆ ಕೆಲವು ನೂರು ರೂಪಾಯಿ ಇರಬಹುದು. ಲೆಕ್ಕಕ್ಕೇ ಬರೋದಿಲ್ಲ. ಇನ್ನು ಈ ಶೇಕಡಾವಾರು ಹೇಳೋದು ಯಾರು? ಟೆಂಡರ್ ಹಾಕುವವನೇ ಸ್ವಯಂ ದೃಢೀಕರಣ ಕೊಡ್ತಾನೆ. 10 ಕೋಟಿ ದಾಟಿದರೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ಬೇಕು. ಸುಳ್ಳು ಹೇಳಿದ್ರೆ ಎರಡು ವರ್ಷದವರೆಗೆ ಟೆಂಡರ್‌ನಿಂದ ಹೊರಗಿಡಬಹುದು. ಸರಿ. ಆದ್ರೆ ಲೆಕ್ಕಪರಿಶೋಧಕರು ಬಿಲ್ ನೋಡ್ತಾರೆ ಸ್ವಾಮಿ, ಬೋರ್ಡ್ ಮೇಲಿನ ಕಪ್ಪು ಅಂಟು ಕೆರೆದು ನೋಡಲ್ಲ.

‘ಏನ್ರೀ ಇದು, ನಮ್ಮ ಕೈಲಿ ಆಗುತ್ತಾ?’ ಅಂತ ನೀವು ಕೇಳಬಹುದು. ಕೇಳಿ ಇಲ್ಲಿ. ನಮ್ಮ ನಾಡು ಇದನ್ನ ಒಂದು ಸಲ ಮಾಡಿ ತೋರಿಸಿದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಸುಮಾರು 147 ಕಿಲೋಮೀಟರ್ ಲೈನು. ಅವತ್ತು ಅಲ್ಲಿ ನಮ್ಮದು ಅನ್ನೋದು ಕಾವೇರಿ ನೀರು ಮತ್ತು ಕೂಲಿಯವರ ಬೆವರು. ಜನರೇಟರ್ ಅಮೆರಿಕದ್ದು, ಟರ್ಬೈನ್ ಸ್ವಿಟ್ಜರ್‌ಲೆಂಡಿನದು. ನಾಚಿಕೆಪಡುವಂಥದ್ದೇನಿಲ್ಲ, ಕಲಿಯೋನು ಎಲ್ಲಿಂದಲಾದರೂ ಶುರು ಮಾಡಲೇಬೇಕು. ಆದ್ರೆ ಮೈಸೂರು ಸಂಸ್ಥಾನ ಅಲ್ಲಿಗೇ ನಿಲ್ಲಲಿಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕರಗಿತು, ಅದರ ಹೊಣೆ ಹೊತ್ತವರು ಸರ್ ಎಂ. ವಿಶ್ವೇಶ್ವರಯ್ಯ. 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಬಂತು, ಕಂಬದ ಮೇಲಿನ ಇನ್ಸುಲೇಟರ್ ಮಾಡೋಕೆ. ಅದೇ ದಶಕದಲ್ಲಿ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿ ಬಂತು, ಟ್ರಾನ್ಸ್‌ಫಾರ್ಮರ್ ಮಾಡೋಕೆ. ಇವತ್ತು ನಾವು ಅದನ್ನ ಕವಿಕಾ ಅಂತೀವಿ. 1948ರಲ್ಲಿ ಐಟಿಐ, ಟೆಲಿಫೋನ್‌ಗೆ. ಆಮೇಲೆ ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಜರ್ಮನಿಯ ಎಇಜಿ ಕಂಪನಿಯಿಂದ ತಂತ್ರಜ್ಞಾನ ಪಡೆದು ಮೋಟರ್, ಟ್ರಾನ್ಸ್‌ಫಾರ್ಮರ್ ಮಾಡೋಕೆ. 1960ರಲ್ಲಿ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಅಂದ್ರೆ ಸಿಪಿಆರ್‌ಐ, ಇವನ್ನೆಲ್ಲ ಪರೀಕ್ಷೆ ಮಾಡೋಕೆ. ಅದೂ ಬೆಂಗಳೂರಿನಲ್ಲೇ.

ಪಟ್ಟಿ ನೋಡಿ. ಕಬ್ಬಿಣ, ಪಿಂಗಾಣಿ, ಟ್ರಾನ್ಸ್‌ಫಾರ್ಮರ್, ಮೋಟರ್, ಟೆಲಿಫೋನ್, ಪರೀಕ್ಷಾಲಯ. ಒಂದು ಜಾಲಕ್ಕೆ ಬೇಕಾದ್ದು ಬಹುತೇಕ ಎಲ್ಲವೂ ಒಂದೇ ರಾಜ್ಯದಲ್ಲಿ. ‘ಆತ್ಮನಿರ್ಭರ’ ಅನ್ನೋ ಪದ ಯಾರ ಬಾಯಲ್ಲೂ ಇರಲಿಲ್ಲ, ಕಾರ್ಖಾನೆ ಇತ್ತು.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಕಿತ್ತೂರಿನ ಕಥೆ. 1984ರಲ್ಲಿ ಸಿ-ಡಾಟ್ ಸಂಸ್ಥೆ ಶುರುವಾಯ್ತು. ವಿದೇಶಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆ ತಣ್ಣನೆ ಕೋಣೆ ಬೇಕಿತ್ತು, ಎ.ಸಿ. ಬೇಕಿತ್ತು. ನಮ್ಮ ಹಳ್ಳಿಯಲ್ಲಿ ಫ್ಯಾನೇ ತಿರುಗ್ತಿರಲಿಲ್ಲ. ಹಾಗಾಗಿ ನಮ್ಮ ಇಂಜಿನಿಯರ್‌ಗಳು ಧೂಳು, ಸೆಕೆ ತಡೆಯೋ, ಎ.ಸಿ. ಬೇಡದ 128 ಲೈನಿನ ಸಣ್ಣ ಎಕ್ಸ್‌ಚೇಂಜ್ ಕಟ್ಟಿದರು. ಅದರ ಮೊದಲನೆಯದು ಕೂತಿದ್ದು 1986ರ ಜುಲೈಯಲ್ಲಿ, ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರು. ಆಮೇಲೆ ದೇಶದ ಹಳ್ಳಿ ಹಳ್ಳಿಗೆ ಅದು ಹೋಯ್ತು. ನಾನು ಚಿಕ್ಕವನಿದ್ದಾಗ ಎಸ್‌ಟಿಡಿ ಬೂತ್ ಮುಂದೆ ಚಿಲ್ಲರೆ ಹಿಡ್ಕೊಂಡು ಸಾಲು ನಿಂತವನು. ಆ ಬೂತುಗಳ ಕಾಲ ಬಂದಿದ್ದರ ಹಿಂದೆ ಈ ಸಣ್ಣ ಎಕ್ಸ್‌ಚೇಂಜ್ ಇತ್ತು ಅನ್ನೋದು ಕಾಲೇಜಿಗೆ ಹೋಗೋವರೆಗೂ ಗೊತ್ತಿರಲಿಲ್ಲ. ನಮ್ಮ ಊರಿನ ಸೆಕೆ, ನಮ್ಮ ಊರಿನ ಧೂಳು ಗೊತ್ತಿದ್ದವರು ಮಾಡಿದ್ದರಿಂದ ಅದು ಇಲ್ಲಿ ನಿಂತಿತು.

ಆಮೇಲೆ ಏನಾಯ್ತು? ಎನ್‌ಜಿಇಎಫ್ ನಷ್ಟದಲ್ಲಿ ಮುಳುಗಿ 2000ರ ದಶಕದ ಆರಂಭದಲ್ಲಿ ಬಾಗಿಲು ಹಾಕಿತು. ಇವತ್ತು ಅದರ ಹೆಸರು ಬೆಂಗಳೂರಿಗರ ಬಾಯಲ್ಲಿ ಬಡಾವಣೆಯ ಹೆಸರಾಗಿ, ಖಾಲಿ ಜಾಗದ ಹೆಸರಾಗಿ ಉಳಿದಿದೆ. ಐಟಿಐ ಉಸಿರಾಡ್ತಿದೆ, ಆದ್ರೆ ಆ ದೂರವಾಣಿನಗರದ ಹಳೇ ಗದ್ದಲ ಈಗಿಲ್ಲ. ನಮ್ಮದೇ ಜಿಲ್ಲೆಯ ಭದ್ರಾವತಿ? ರೈಲ್ವೆಗೆ, ರಕ್ಷಣೆಗೆ ಬೇಕಾದ ವಿಶೇಷ ಉಕ್ಕು ಮಾಡಿದ ಕಾರ್ಖಾನೆ. 1923ರಲ್ಲಿ ಶುರುವಾದದ್ದು. ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು. ಒಂದು ಕಡೆ ‘ಇಲ್ಲೇ ಮಾಡಿ’ ಅನ್ನೋ ಆದೇಶ, ಇನ್ನೊಂದು ಕಡೆ ಇಲ್ಲೇ ಮಾಡ್ತಿದ್ದವರ ಗೇಟಿಗೆ ಬೀಗ ಹಾಕುವ ತೀರ್ಮಾನ. ಎರಡೂ ಒಂದೇ ದಶಕದಲ್ಲಿ.

ಇಲ್ಲಿ ನಾನು ಪ್ರಾಮಾಣಿಕವಾಗಿರಬೇಕು. ಆ ಕಾರ್ಖಾನೆಗಳೆಲ್ಲ ದೇವಸ್ಥಾನಗಳಾಗಿರಲಿಲ್ಲ. ಫೋನ್ ಬೇಕಂದ್ರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಕಾಲ ನಿಮ್ಮ ತಂದೆ ತಾಯಿಗೆ ನೆನಪಿದೆ. ಪೈಪೋಟಿ ಇಲ್ಲದ ಕಡೆ ಸೋಮಾರಿತನ ಬರುತ್ತೆ. ‘ನಮ್ಮವರು ಮಾಡಿದ್ದು’ ಅನ್ನೋದನ್ನೇ ಗುರಾಣಿ ಮಾಡ್ಕೊಂಡು ಕಳಪೆ ಮಾಲು ತಳ್ಳಿದವರೂ ಇದ್ದಾರೆ. ಬೇಸಿಗೆ ಬಂದರೆ ಪಟಪಟ ಅಂತ ಸುಡುವ ಟೀಸಿಗಳೇನು ಪರದೇಶದಿಂದ ಬಂದವಾ? ಬಹುಪಾಲು ನಮ್ಮವೇ. ಕಡಿಮೆ ದರ ಹಾಕಿದವನಿಗೇ ಟೆಂಡರ್ ಅಂತಾದರೆ, ಅವನು ತಂತಿಯಲ್ಲಿ ಉಳಿಸ್ತಾನೆ, ಎಣ್ಣೆಯಲ್ಲಿ ಉಳಿಸ್ತಾನೆ. ಅವನು ಉಳಿಸಿದ್ದಕ್ಕೆ ಒಣಗೋದು ನಮ್ಮ ಗದ್ದೆ.

ಇನ್ನೊಂದು ಬೆಲೆಯೂ ಇದೆ, ಕಾಯುವ ಬೆಲೆ. ಬಿಎಸ್‌ಎನ್‌ಎಲ್ ಕಥೆ ತಗೊಳ್ಳಿ. 2020ರಲ್ಲಿ ಅದರ 4ಜಿ ಟೆಂಡರ್ ರದ್ದಾಯ್ತು. ಹೊರಗಿನ ಉಪಕರಣ ಬೇಡ, ನಮ್ಮದೇ ಬೇಕು ಅಂತ ತೀರ್ಮಾನ. ಟಿಸಿಎಸ್, ಸಿ-ಡಾಟ್ ಮತ್ತು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸೇರಿ ಕಟ್ಟಿದರು. 2023ರ ಮೇನಲ್ಲಿ ದೊಡ್ಡ ಆರ್ಡರ್ ಹೋಯ್ತು. 2025ರ ಸೆಪ್ಟೆಂಬರ್ 27ರಂದು 97,500 ಟವರ್‌ಗಳ ಉದ್ಘಾಟನೆ. ಹೆಮ್ಮೆ ಪಡಬೇಕಾದ ಕೆಲಸ, ಎರಡು ಮಾತಿಲ್ಲ. ಆದ್ರೆ ಅಷ್ಟರಲ್ಲಿ ಖಾಸಗಿಯವರು 2022ರ ಅಕ್ಟೋಬರ್‌ನಲ್ಲೇ 5ಜಿ ಶುರು ಮಾಡಿ ಮೂರು ವರ್ಷ ಆಗಿತ್ತು. ಆ ಕಾದ ವರ್ಷಗಳ ಬಿಲ್ ಕಟ್ಟಿದವರು ಯಾರು? ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೆ ಗತಿ ಇಲ್ಲದ ಹಳ್ಳಿಯವರು. ನಮ್ಮ ಮಲೆನಾಡಿನಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿ ಕೂತರು. ‘ನೆಟ್‌ವರ್ಕ್ ಇಲ್ಲ ಅಂದ್ರೆ ಓಟೂ ಇಲ್ಲ’ ಅಂತ ಜನ ಬೋರ್ಡ್ ಹಾಕಿದರು. ಸ್ವಾವಲಂಬನೆಯ ಖರ್ಚನ್ನ ಯಾವಾಗಲೂ ಹಳ್ಳಿಯವನ ಹೆಸರಿಗೇ ಬರೆಯೋದು ನ್ಯಾಯ ಅಲ್ಲ. ಕಾಯಬೇಕು ಅಂತಾದರೆ ಕಾಯುವವನಿಗೆ ನಡುವೆ ಏನು ವ್ಯವಸ್ಥೆ ಅನ್ನೋದೂ ಆ ನಿಯಮದಲ್ಲೇ ಇರಬೇಕು.

ಹಾಗಾದ್ರೆ ಬಿಟ್ಟುಬಿಡೋಣವಾ? ಎಲ್ಲಿ ಅಗ್ಗ ಸಿಗುತ್ತೋ ಅಲ್ಲಿಂದ ತರೋಣವಾ? ಬೇಡ. ಯಾಕೆ ಅಂತ ಒಂದು ಘಟನೆ ಹೇಳ್ತೀನಿ.

2015ರ ಡಿಸೆಂಬರ್ 23. ಉಕ್ರೇನ್. ಚಳಿಗಾಲ. ಕಂಪ್ಯೂಟರ್ ಜಾಲಕ್ಕೆ ನುಗ್ಗಿದವರು ವಿದ್ಯುತ್ ಕಂಪನಿಗಳ ಸ್ವಿಚ್‌ಗಳನ್ನ ದೂರದಿಂದಲೇ ಆಫ್ ಮಾಡಿದರು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟು ಹೋಯ್ತು. ಆದ್ರೆ ಕೆಲವೇ ಗಂಟೆಗಳಲ್ಲಿ ವಾಪಸ್ ಬಂತು. ಹೇಗೆ? ಲೈನ್‌ಮನ್‌ಗಳು, ಇಂಜಿನಿಯರ್‌ಗಳು ಗಾಡಿ ಹತ್ತಿ ಸಬ್‌ಸ್ಟೇಷನ್‌ಗೆ ಹೋಗಿ ಕೈಯಿಂದ ಸ್ವಿಚ್ ಹಾಕಿದರು. ಅವರಿಗೆ ಅವರ ಯಂತ್ರ ಗೊತ್ತಿತ್ತು. ಅಷ್ಟೇ. ಆನವಟ್ಟಿಯ ಆ ವೈಂಡಿಂಗ್ ಅಂಗಡಿಯ ಅಜ್ಜನಿಗೆ ಮೋಟರ್ ಗೊತ್ತಿದ್ದ ಹಾಗೆ.

ನೋಡಿ, ನಾನು ಇಷ್ಟು ಹೊತ್ತು ಹೇಳ್ತಿರೋದು ಇದೇ. ನಮ್ಮ ಬೋರಿನ ಮೋಟರ್ ಯಾವ ಊರಿನಲ್ಲಿ ತಯಾರಾಯ್ತು ಅಂತ ಅಪ್ಪನಿಗೆ ಗೊತ್ತಿಲ್ಲ. ಬೇಕಾಗಿಯೂ ಇಲ್ಲ. ಅದನ್ನ ಬಿಚ್ಚಿ ಕಟ್ಟೋರು ಹತ್ತಿರದಲ್ಲಿ ಇದ್ದರು, ಹಾಗಾಗಿ ಮೂರು ದಿನಕ್ಕೆ ನೀರು ಬಂತು. ಚಿಕ್ಕಪ್ಪನ ಡಬ್ಬಿ ಮೇಲೆ ದೇಶದ ಹೆಸರಿತ್ತು, ಬಿಚ್ಚಿ ಕಟ್ಟೋರು ದೇಶದಲ್ಲೇ ಸಿಗಲಿಲ್ಲ. ಹಾಗಾಗಿ 41 ದಿನ. ಕಾಯ್ದೆ ಕೇಳಬೇಕಾದ ಪ್ರಶ್ನೆ ಇದು: ಇದು ಕೆಟ್ಟರೆ ಇಲ್ಲಿ ಯಾರಿಗೆ ರಿಪೇರಿ ಬರುತ್ತೆ?

ಅಮೆರಿಕದವರನ್ನ ನೋಡಿ. 1933ರಿಂದಲೇ ಅವರಿಗೆ ದೇಶೀಯ ಖರೀದಿ ಕಾಯ್ದೆ ಇದೆ. 2021ರ ನವೆಂಬರ್‌ನಲ್ಲಿ ಇನ್ನೊಂದು ಮಾಡಿದರು: ಕೇಂದ್ರದ ದುಡ್ಡಿನಿಂದ ಕಟ್ಟುವ ರಸ್ತೆ, ಸೇತುವೆ, ನೀರಿನ ಯೋಜನೆಯ ಉಕ್ಕು, ಕರಗಿಸೋದರಿಂದ ಹಿಡಿದು ಮೇಲಿನ ಲೇಪನದವರೆಗೆ ಅಲ್ಲೇ ಆಗಬೇಕು. ಮೌಲ್ಯದ ಲೆಕ್ಕ ಸಾಲದು, ಪ್ರತಿ ಹಂತವೂ ಇಲ್ಲೇ ಅಂತ. ಉಳಿದ ಸಾಮಾನಿಗೆ ಬಿಡಿಭಾಗಗಳ ವೆಚ್ಚದಲ್ಲಿ ಶೇಕಡ 55ಕ್ಕಿಂತ ಹೆಚ್ಚು. ಹಾಗಂತ ಅವರ ಕಷ್ಟ ತೀರಿತಾ? ಇಲ್ಲ. ಟ್ರಾನ್ಸ್‌ಫಾರ್ಮರ್ ಹೃದಯದ ಆ ಉಕ್ಕನ್ನ ಅಷ್ಟು ದೊಡ್ಡ ಅಮೆರಿಕದಲ್ಲಿ ಮಾಡೋದು ಒಂದೇ ಒಂದು ಕಂಪನಿ. ಟ್ರಾನ್ಸ್‌ಫಾರ್ಮರ್‌ಗೆ ಆರ್ಡರ್ ಕೊಟ್ಟು ವರ್ಷಗಟ್ಟಲೆ ಕಾಯೋ ಪರಿಸ್ಥಿತಿ ಅಲ್ಲೂ ಬಂದಿದೆ. ಕಾಗದದ ಮೇಲೆ ಕಾಯ್ದೆ ಬರೆದ ಮಾತ್ರಕ್ಕೆ ಕುಲುಮೆ ಹತ್ತಿಕೊಳ್ಳೋದಿಲ್ಲ.

ನಮ್ಮಲ್ಲಿ ಒಂದು ಒಳ್ಳೆ ಸುದ್ದಿ ಇದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಇದೇ ಸಿಆರ್‌ಜಿಒ ಉಕ್ಕು ಮಾಡೋಕೆ ಜೆಎಸ್‌ಡಬ್ಲ್ಯು ಮತ್ತು ಜಪಾನಿನ ಜೆಎಫ್‌ಇ ಸೇರಿ 2024ರಲ್ಲಿ ಕಂಪನಿ ಮಾಡಿದ್ದಾರೆ. ಅದಿರು ನಮ್ಮ ಮಣ್ಣಿನದು, ಈಗ ವಿದ್ಯೆಯೂ ಬರಲಿ. ಆದ್ರೆ ಜಪಾನಿನವರು ಎದ್ದು ಹೋದ ದಿನವೂ ಆ ಕುಲುಮೆ ನಡೆಸೋಕೆ ನಮ್ಮ ಹುಡುಗರಿಗೆ ಬರುತ್ತಾ? ಅದನ್ನ ಇವತ್ತೇ ಕೇಳಬೇಕು.

ಹಾಗಾಗಿ ನನ್ನ ನಾಲ್ಕು ಬೇಡಿಕೆ. ಸರ್ಕಾರದಲ್ಲಿ ಯಾರೇ ಇರಲಿ, ಅವರ ಮುಂದೆ ಇಡ್ತೀನಿ.

ಒಂದು. ಶೇಕಡಾವಾರು ಜೊತೆಗೆ ಹೃದಯದ ಪಟ್ಟಿ ಮಾಡಿ. ಟ್ರಾನ್ಸ್‌ಫಾರ್ಮರ್‌ಗೆ ಉಕ್ಕು, ಕಂಟ್ರೋಲರ್‌ಗೆ ಚಿಪ್ಪು ಮತ್ತು ತಂತ್ರಾಂಶ, ಟವರ್‌ಗೆ ರೇಡಿಯೋ. ಯಾವ ಭಾಗ ನಿಂತರೆ ಎಲ್ಲ ನಿಲ್ಲುತ್ತೋ ಅದು ಎಲ್ಲಿಂದ ಬಂತು ಅಂತ ಬರೆಯದೇ ಯಾರಿಗೂ ಒಂದನೇ ದರ್ಜೆ ಕೊಡಬೇಡಿ. ಇವತ್ತೇ ಎಲ್ಲ ಇಲ್ಲೇ ಆಗಬೇಕು ಅಂತ ನಾನು ಹೇಳ್ತಿಲ್ಲ. ಎಲ್ಲಿ ನಾವು ಪರರ ಕೈಯಲ್ಲಿದ್ದೀವಿ ಅಂತ ಗೊತ್ತಾಗಲಿ.

ಎರಡು. ಸರ್ಕಾರದ ದುಡ್ಡಿನಲ್ಲಿ ಕೊಂಡ ಪ್ರತಿ ಉಪಕರಣದ ನಕ್ಷೆ, ತಂತ್ರಾಂಶದ ಕೀಲಿ, ಹತ್ತು ವರ್ಷದ ಬಿಡಿಭಾಗ ದೇಶದೊಳಗೆ ಇರಬೇಕು. ಕಪ್ಪು ಅಂಟು ಸುರಿದು ನಂಬರ್ ಅಳಿಸಿದ ಡಬ್ಬಿ ಸಬ್‌ಸ್ಟೇಷನ್ ಬಾಗಿಲು ದಾಟಬಾರದು. ಐಟಿಐ ಓದಿದ ಹುಡುಗನಿಗೆ, ಡಿಪ್ಲೊಮಾ ಓದಿದ ಹುಡುಗಿಗೆ ಅದನ್ನ ಬಿಚ್ಚಿ ಕಟ್ಟೋ ತರಬೇತಿ ಆ ಟೆಂಡರ್‌ನದೇ ಭಾಗ ಆಗಲಿ.

ಮೂರು. ನಮ್ಮವರು ಮಾಡಿದ್ದು ಅಂತ ರಿಯಾಯಿತಿ ಬೇಡ. ಸಿಪಿಆರ್‌ಐನಂಥ ಪರೀಕ್ಷಾಲಯಗಳನ್ನ ಜಾಸ್ತಿ ಮಾಡಿ. ಯಾವ ಕಂಪನಿಯ ಟೀಸಿ ವಾರಂಟಿ ಒಳಗೆ ಎಷ್ಟು ಸುಟ್ಟವು ಅಂತ ಪ್ರತಿ ವರ್ಷ ಪ್ರಕಟಿಸಿ. ಪರೀಕ್ಷೆ ಪಾಸಾದವನಿಗೆ ಒಂದು ವರ್ಷದ್ದಲ್ಲ, ಐದು ವರ್ಷದ ಆರ್ಡರ್ ಕೊಡಿ, ಬಿಲ್ ಹಣ ಹೊತ್ತಿಗೆ ಸರಿಯಾಗಿ ಕೊಡಿ. ಆರ್ಡರ್ ಇಲ್ಲದೆ, ಹಣ ಬರದೆ ಯಾವ ಕಾರ್ಖಾನೆ ಬದುಕುತ್ತೆ ಸ್ವಾಮಿ?

ನಾಲ್ಕು. ಇದನ್ನೆಲ್ಲ ಕಾಯ್ದೆ ಮಾಡಿ. ಇವತ್ತು ವಿದ್ಯುತ್ ವಿಷಯದಲ್ಲಿ ಇರೋದು ಹೆಚ್ಚಿನಂಶ ಆದೇಶ, ಸುತ್ತೋಲೆ. ಒಬ್ಬ ಕಾರ್ಯದರ್ಶಿ ಸಹಿ ಹಾಕಿದ್ದನ್ನ ಇನ್ನೊಬ್ಬರು ಬದಲಾಯಿಸಬಹುದು. ದೇಶೀಯ ಆದ್ಯತೆಯ ಆದೇಶ ಕೇಂದ್ರದ ಖರೀದಿಗೆ ಮತ್ತು ಕೇಂದ್ರದ ಹಣ ಇರುವ ಯೋಜನೆಗಳಿಗೆ ಅನ್ವಯ ಆಗುತ್ತೆ. ರಾಜ್ಯದ ಸ್ವಂತ ಹಣದ ಖರೀದಿಗೆ ನಮ್ಮ 1999ರ ಪಾರದರ್ಶಕ ಕಾಯ್ದೆ ಇದೆ, ಅಲ್ಲಿ ಕಡಿಮೆ ದರವೇ ರಾಜ. ಪಾರ್ಲಿಮೆಂಟಿನಲ್ಲಿ, ವಿಧಾನಸೌಧದಲ್ಲಿ ಇದರ ಬಗ್ಗೆ ಒಂದು ದಿನ ಚರ್ಚೆ ಆಗಲಿ. ಕಾಯುವ ಹಳ್ಳಿಗೆ ಏನು ವ್ಯವಸ್ಥೆ ಅನ್ನೋದೂ ಅಲ್ಲೇ ತೀರ್ಮಾನ ಆಗಲಿ. ಗದ್ದಲ ಮಾಡೋಕೆ ಇಷ್ಟು ದಿನ ಸಿಗುತ್ತೆ, ಇದಕ್ಕೆ ಒಂದು ದಿನ ಸಿಗಲ್ವಾ?

ವೀಕ್ಷಕರೇ, ನೀವೂ ಒಂದು ಕೆಲಸ ಮಾಡಿ. ನಿಮ್ಮೂರಿನ ನೀರಿನ ಪಂಪ್‌ಹೌಸ್‌ನಲ್ಲಿ ಏನಾದರೂ ಹೊಸ ಡಬ್ಬಿ ಕೂರಿಸಿದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಇದು ಕೆಟ್ಟರೆ ಯಾರು ಸರಿ ಮಾಡ್ತಾರೆ, ಎಷ್ಟು ದಿನದಲ್ಲಿ? ಉತ್ತರವನ್ನ ನಡಾವಳಿಯಲ್ಲಿ ಬರೆಸಿ.

ಊರಿಂದ ಹೊರಡುವಾಗ ಆನವಟ್ಟಿಯ ವೈಂಡಿಂಗ್ ಅಂಗಡಿಗೆ ಮತ್ತೆ ಹೋಗಿದ್ದೆ, ದುಡ್ಡು ಕೊಡೋದು ಬಾಕಿ ಇತ್ತು. ‘ಅಜ್ಜಾರೆ, ನಿಮ್ಮ ನಂತರ ಈ ಕೆಲಸ ಯಾರು ಮಾಡ್ತಾರೆ?’ ಅಂತ ಕೇಳಿದೆ. ಮೂಲೆಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದ ಹದಿನೆಂಟರ ಹುಡುಗನನ್ನ ತೋರಿಸಿದರು. ‘ಇವನಿಗೆ ಮೋಟರ್ ಬರ್ತದೆ. ಆ ಡಬ್ಬಿನೂ ಕಲೀತೀನಿ ಅಂತಾನೆ. ಕಲಿಸೋರು ಯಾರು ಅಂತ ನೀವೇ ಟೀವಿಯಲ್ಲಿ ಕೇಳಿ’ ಅಂದರು.

ಕೇಳಿದ್ದೀನಿ ಅಜ್ಜಾರೆ. ಉತ್ತರ ಬರೋವರೆಗೂ ಕೇಳ್ತಾನೇ ಇರ್ತೀನಿ.